ಮುಕೊಂಬೆರೊ ಬೇರು ಮತ್ತು ಗಾತ್ರದ ಚಿಂತೆ

ನೈರೋಬಿಯಲ್ಲಿ ಸಹೋದ್ಯೋಗಿ ಕೊಟ್ಟ ಮುಕೊಂಬೆರೊ ಬೇರು ಅಗಿದರೆ ಶಿಶ್ನದ ಗಾತ್ರ ಹೆಚ್ಚುತ್ತಾ, ಜೊತೆಗೆ ಲೇಬಲ್ಲೇ ಇಲ್ಲದ ಪುಡಿಯನ್ನೂ ತಗೊಳ್ಳಬಹುದಾ ಅಂತ ಕೇಳಿದ್ದೀರಿ. ಗಾತ್ರ ಹೆಚ್ಚುವುದಿಲ್ಲ. ಯಾವ ಬೇರಿನಿಂದಲೂ, ಯಾವ ಎಣ್ಣೆಯಿಂದಲೂ ಇಲ್ಲ.

ಮುಕೊಂಬೆರೊ ಒಂದು ಬಳ್ಳಿಯ ಬೇರು. ಉಗಾಂಡದಲ್ಲಿ ಅದೇ ಮುಲೊಂಡೊ. ಪಶ್ಚಿಮ ಕೀನ್ಯಾದ ಕಾಕಮೇಗಾ ಕಡೆ ಹಸಿವೆಗೆ, ಹುರುಪಿಗೆ ಅಗಿಯುತ್ತಾರೆ, ವೆನಿಲ್ಲಾದಂಥ ಘಮ. ಕಾಮಾಸಕ್ತಿಯ ವಿಷಯದಲ್ಲಿ ನಡೆದ ಪ್ರಯೋಗಗಳು ಹೆಚ್ಚಾಗಿ ಇಲಿಗಳ ಮೇಲೆ. ಬೇರಿನ ಚೂರಿಗಿಂತ ನನಗೆ ಭಯ ಆ ಪುಡಿಯದು. ಇಂಥ ‘ಗಿಡಮೂಲಿಕೆ’ಗಳಲ್ಲಿ ಸಿಲ್ಡೆನಾಫಿಲ್ (ವಯಾಗ್ರಾ ಮಾತ್ರೆಯಲ್ಲಿರುವ ಔಷಧ) ಬೆರೆಸಿದ್ದು ಹಲವು ದೇಶಗಳಲ್ಲಿ ಪತ್ತೆಯಾಗಿದೆ. ಎದೆನೋವಿಗೆ ನೈಟ್ರೇಟ್ ಮಾತ್ರೆ ನುಂಗುವವರಿಗಂತೂ ಬಿಪಿ ಕುಸಿದು ಜೀವಕ್ಕೇ ಅಪಾಯ. ದಯವಿಟ್ಟು ಆ ಪುಡಿ ಎಸೆದುಬಿಡಿ.

‘ಇಲ್ಲಿನವರ ಮುಂದೆ ನಾನು ಗಂಡಸೇ ಅಲ್ಲ ಅನ್ನಿಸುತ್ತೆ’ ಅಂತ ಬರೆದಿದ್ದು ಓದಿ ಸಂಕಟವಾಯಿತು. ಕರಿಯರ ಶಿಶ್ನ ದೊಡ್ಡದು ಅನ್ನುವ ಆ ಕಟ್ಟುಕಥೆ ವಸಾಹತು ಕಾಲದಲ್ಲಿ ಅವರನ್ನು ಮೃಗಗಳಂತೆ ತೋರಿಸಲು ಬಳಕೆಯಾದದ್ದು. ಅವರಿಗೂ ಅನ್ಯಾಯ, ನಿಮಗೂ. 2015ರಲ್ಲಿ 15,000ಕ್ಕೂ ಹೆಚ್ಚು ಗಂಡಸರ ಅಳತೆ ಒಟ್ಟುಗೂಡಿಸಿದಾಗ ನಿಮಿರಿದಾಗಿನ ಸರಾಸರಿ ಸುಮಾರು 13 ಸೆಂಟಿಮೀಟರ್ ಬಂತು. ಅಶ್ಲೀಲ ವಿಡಿಯೋಗಳಲ್ಲಿ ಕಾಣುವವರು ಆರಿಸಿ ತಂದವರು.

ನಿಮಿರುವಿಕೆಯೇ ಇತ್ತೀಚೆಗೆ ಕುಗ್ಗಿದ್ದರೆ ಸಕ್ಕರೆ, ಬಿಪಿ ಪರೀಕ್ಷೆ ಮಾಡಿಸಿ. ಹೃದಯದ ತೊಂದರೆ ಎಷ್ಟೋ ಸಲ ಮೊದಲು ಅಲ್ಲೇ ಕಾಣಿಸಿಕೊಳ್ಳುತ್ತದೆ.