ಒಂಬತ್ತು ವರ್ಷದಿಂದ ಶೆಡ್ಡಿನಲ್ಲಿ ನಿಂತಿರುವ ಪಿಕಪ್ ಅನ್ನು ಮನೆಯಲ್ಲೇ ಸರಿ ಮಾಡಬಹುದಾ?

ನೀವು ಕೇಳಿದ್ದು ಇಷ್ಟು: ಸಕಲೇಶಪುರದ ಹತ್ತಿರ ತೋಟ. ಅಜ್ಜ ಓಡಿಸುತ್ತಿದ್ದ 1998ರ ಮಹೀಂದ್ರ ಪಿಕಪ್. ಅವರು ಹೋದ ಮೇಲೆ 9 ವರ್ಷದಿಂದ ಶೆಡ್ಡಿನಲ್ಲೇ ನಿಂತಿದೆ. ಎಂಜಿನ್ ಒಂದು ಓವರ್‌ಹಾಲ್ ಮಾಡಿಸಿಬಿಟ್ಟರೆ ಉಳಿದದ್ದನ್ನು ಮನೆಯಲ್ಲೇ ನಿಧಾನಕ್ಕೆ ಮಾಡಿಕೊಳ್ಳಬಹುದಾ, ಖರ್ಚು ಎಷ್ಟಾಗಬಹುದು?

ಮಾಡಬಹುದು. ಆದರೆ ಎಂಜಿನ್ನಿಂದ ಶುರು ಮಾಡಬೇಡಿ. ನಾನು ಶುರು ಮಾಡಿ ಕೈ ಸುಟ್ಟುಕೊಂಡವನು.

ನನ್ನದು ಮೂಡಿಗೆರೆ ಕಡೆ. ಗಾಡಿ 1996ರದ್ದು, ನಿಮ್ಮದರ ಅಣ್ಣ ಅಂದುಕೊಳ್ಳಿ. ಆರು ವರ್ಷ ನಿಂತಿತ್ತು. ನಾನು ಮೊದಲು ಎಂಜಿನ್ ಇಳಿಸಿ ಹಾಸನಕ್ಕೆ ಕಳಿಸಿದೆ. ಬೋರಿಂಗ್, ಪಿಸ್ಟನ್, ರಿಂಗ್, ಬೇರಿಂಗ್ ಎಲ್ಲ ಹೊಸದು ಹಾಕಿಸಿ ತಂದು ಕೂರಿಸಿದೆ. ಅಷ್ಟಕ್ಕೇ 46 ಸಾವಿರ. ಸ್ಟಾರ್ಟ್ ಆದ ದಿನ ಮನೆಯಲ್ಲಿ ಪಾಯಸ. ಎರಡು ವಾರ ಬಿಟ್ಟು ಹಿಂದಿನ ಸ್ಪ್ರಿಂಗ್ ಪಟ್ಟಿ ನೋಡೋಣ ಅಂತ ಕೆಳಗೆ ಮಲಗಿದೆ. ಆ ಪಟ್ಟಿಯನ್ನು ಹಿಡಿದಿಡುವ ಶ್ಯಾಕಲ್ ಹತ್ತಿರ ಮಣ್ಣು ಕೆರೆಯುತ್ತಿದ್ದ ಸ್ಕ್ರೂಡ್ರೈವರ್ ಹಿಡಿವರೆಗೂ ಚಾಸಿಸ್, ಅಂದರೆ ಇಡೀ ಗಾಡಿಯನ್ನು ಹೊರುವ ಕಬ್ಬಿಣದ ಚೌಕಟ್ಟಿನ ಒಳಗೆ ಹೋಯಿತು. ಮುಖದ ಮೇಲೆ ತುಕ್ಕಿನ ಪುಡಿ ಉದುರಿತು. ಆಮೇಲೆ ಹುಡುಕುತ್ತಾ ಹೋದರೆ ಎಂಜಿನ್ ಕೂರುವ ಅಡ್ಡಪಟ್ಟಿಯ (ಕ್ರಾಸ್ ಮೆಂಬರ್) ಪಕ್ಕದಲ್ಲೂ ಅದೇ ಕಥೆ. ಹೊಸ ಎಂಜಿನ್ ಮತ್ತೆ ಕೆಳಗಿಳಿಸಬೇಕಾಯಿತು. ಪಾಯಸ ತಿಂದವರೆಲ್ಲ ಬಂದು ನೋಡಿಕೊಂಡು ಹೋದರು.

ಅದಕ್ಕೇ ಹೇಳುತ್ತಿದ್ದೇನೆ. ಮೊದಲ ದಿನ ಒಂದು ಟಾರ್ಚು, ಒಂದು ಸಣ್ಣ ಸುತ್ತಿಗೆ, ಒಂದು ಹಳೆ ಸ್ಕ್ರೂಡ್ರೈವರ್ ಸಾಕು. ಚಾಸಿಸ್ಸಿನ ಉದ್ದಕ್ಕೂ ಗೇಣು ಗೇಣಿಗೆ ಬಡಿಯುತ್ತಾ ಹೋಗಿ. ಗಟ್ಟಿ ಇದ್ದ ಕಡೆ ಗಂಟೆಯ ಹಾಗೆ ಟಣ್ ಅನ್ನುತ್ತದೆ. ಕೊಳೆತ ಕಡೆ ದಪ್ ಅಂತ ಸತ್ತ ಸದ್ದು. ಅಲ್ಲಿ ಸ್ಕ್ರೂಡ್ರೈವರ್ ಒತ್ತಿ, ಸೀಮೆಸುಣ್ಣದಲ್ಲಿ ಸುತ್ತು ಹಾಕಿ. ಸ್ಪ್ರಿಂಗ್ ಹ್ಯಾಂಗರ್ ಸುತ್ತಮುತ್ತ, ಎರಡು ಪ್ಲೇಟು ಒಂದರ ಮೇಲೊಂದು ಕೂತಿರುವ ಜಾಗ, ಕ್ಯಾಬಿನ್ ಕೂರುವ ಬ್ರಾಕೆಟ್ಟು, ಸ್ಟೀರಿಂಗ್ ಬಾಕ್ಸ್ ಬೋಲ್ಟ್ ಆಗಿರುವ ಜಾಗ ಇವನ್ನು ಬಿಡಬೇಡಿ. ಎಲೆ, ಮಣ್ಣು ತುಂಬಿ ನೀರು ಹೋಗುವ ತೂತು ಮುಚ್ಚಿಕೊಂಡಿರುತ್ತದೆ, ಅಲ್ಲೇ ಒಳಗಿನಿಂದ ಕೊಳೆಯುವುದು. ಸುತ್ತುಗಳು ನಾಲ್ಕೈದಿದ್ದರೆ ಕೆಲಸಕ್ಕೆ ಕೈ ಹಾಕಿ. ಇಡೀ ಚಾಸಿಸ್ಸೇ ಸೀಮೆಸುಣ್ಣವಾದರೆ ಗುಜರಿಯವನಿಗೆ ಫೋನ್ ಮಾಡಿ, ಬೇಜಾರು ಮಾಡಿಕೊಳ್ಳಬೇಡಿ.

ನಮ್ಮ ಕಡೆ ಪಿಕಪ್ಪಿನ ಹಿಂಭಾಗ ತಿಂದುಹೋಗುವುದು ಬರೀ ಮಳೆಯಿಂದ ಅಲ್ಲ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಹೊಡೆಯಲು ಡ್ರಮ್ಮು ಹೇರಿಕೊಂಡು ಹೋಗುವುದು ಇದೇ ಗಾಡಿಯಲ್ಲಿ ಅಲ್ವಾ? ಮೈಲುತುತ್ತ ಕರಗಿಸಿದ ನೀರಿಗೆ ಕಬ್ಬಿಣದ ಮೊಳೆ ಹಾಕಿದರೆ ಸ್ವಲ್ಪ ಹೊತ್ತಿಗೆ ಮೊಳೆಯ ಮೇಲೆ ತಾಮ್ರದ ಕೆಂಪು ಕೂರುತ್ತದೆ. ಆ ತಾಮ್ರ ಬಂದು ಕೂತಷ್ಟೂ ಕಬ್ಬಿಣ ಕರಗಿ ನೀರಿಗೆ ಹೋಗಿರುತ್ತದೆ. ನಿಮ್ಮ ಅಜ್ಜನೂ ಸುಣ್ಣ ಸಾಕಾಯಿತಾ ಅಂತ ನೋಡಲು ಡ್ರಮ್ಮಿಗೆ ಕತ್ತಿ ಅದ್ದಿ, ಕೆಂಪಾದರೆ ಇನ್ನೊಂದು ಬೊಗಸೆ ಸುಣ್ಣ ಹಾಕಿರುತ್ತಾರೆ. ಆ ಕತ್ತಿಗೆ ಆಗಿದ್ದೇ ನಿಮ್ಮ ಗಾಡಿಯ ತಗಡಿಗೂ ಆಗಿದೆ. ಜೊತೆಗೆ ಪೊಟ್ಯಾಷ್ ಚೀಲ. ಅದು ಕ್ಲೋರೈಡ್ ಉಪ್ಪು. ಚೀಲದಿಂದ ಉದುರಿದ್ದು ಮೂಲೆಯಲ್ಲಿ ಕೂತು ಮಲೆನಾಡಿನ ಥಂಡಿ ಹೀರಿಕೊಂಡು ವರ್ಷಗಟ್ಟಲೆ ತಗಡು ತಿನ್ನುತ್ತದೆ. ಹಾಗಾಗಿ ಹಿಂದಿನ ತೊಟ್ಟಿಯನ್ನು ಮೊದಲು ಬಿಚ್ಚಿ ಪಕ್ಕಕ್ಕಿಡಿ. ಅದನ್ನು ಎತ್ತದೆ ಕೆಳಗಿನ ಚಾಸಿಸ್ ಕಾಣುವುದಿಲ್ಲ. ನಾನು ಎತ್ತಿರಲಿಲ್ಲ, ಅದೇ ಕಥೆ ಆಗಿದ್ದು.

ಗಾಡಿ ಎತ್ತುವಾಗ ಒಂದು ಮಾತು. ನಮ್ಮ ಮಣ್ಣು ಮಳೆ ಬಿದ್ದರೆ ಬೆಣ್ಣೆ. ಒಂದು ಸಂಜೆ ಜಾಕ್ ಹಾಕಿ ಚಕ್ರ ಬಿಚ್ಚಿ ಕಾಫಿ ಕುಡಿಯಲು ಒಳಗೆ ಹೋಗಿದ್ದೆ. ಬರುವಷ್ಟರಲ್ಲಿ ಜಾಕ್ ಅರ್ಧ ಅಡಿ ಹೂತು, ಚಕ್ರದ ಬ್ರೇಕ್ ಡ್ರಮ್ ನೆಲಕ್ಕೆ ಕೂತಿತ್ತು. ನಾನು ಕೆಳಗಿದ್ದಿದ್ದರೆ ಈ ಉತ್ತರ ಬರೆಯಲು ಇರುತ್ತಿರಲಿಲ್ಲ. ಕಾಂಕ್ರೀಟ್ ನೆಲ ಇಲ್ಲದಿದ್ದರೆ ದಪ್ಪ ಹಲಗೆ ಹಾಸಿ ಅದರ ಮೇಲೆ ಸ್ಟ್ಯಾಂಡ್ ಇಡಿ. ಹಾಲೋ ಬ್ರಿಕ್ಸ್ ಮೇಲೆ ಯಾವತ್ತೂ ನಿಲ್ಲಿಸಬೇಡಿ, ಅದು ಹೇಳದೆ ಕೇಳದೆ ಪುಡಿಯಾಗುತ್ತದೆ. ಸ್ಟ್ಯಾಂಡ್ ಇಲ್ಲದಿದ್ದರೆ ಮರದ ದಿಮ್ಮಿಯನ್ನು ಒಂದರ ಮೇಲೊಂದು ಅಡ್ಡಡ್ಡ ಪೇರಿಸಿದರೂ ಆಯಿತು. ತೋಟದಲ್ಲಿ ಸಿಲ್ವರ್ ಮರಕ್ಕೇನು ಬರ ಇಲ್ಲವಲ್ಲ.

ವೆಲ್ಡಿಂಗ್ ನಿಮಗೆ ಸರಿಯಾಗಿ ಬರದಿದ್ದರೆ ಚಾಸಿಸ್ ಕೆಲಸವನ್ನು ಬಲ್ಲವರ ಹತ್ತಿರ ಮಾಡಿಸಿ. ಗೇಟು ಮಾಡುವವರೆಲ್ಲ ಚಾಸಿಸ್ ಮಾಡುವವರಲ್ಲ. ತುಕ್ಕಿನ ಮೇಲೇ ಪ್ಯಾಚ್ ಹಾಕಿ ಕೊಡುವವರಿದ್ದಾರೆ. ಒಳ್ಳೆ ಕಬ್ಬಿಣ ಸಿಗುವವರೆಗೂ ಕತ್ತರಿಸಿ ತೆಗೆಯಲು ಹೇಳಿ, ಪಕ್ಕದಲ್ಲೇ ನಿಂತು ನೋಡಿ. ಬ್ಯಾಟರಿ ವೈರು, ಆಲ್ಟರ್ನೇಟರ್ ವೈರು ಬಿಚ್ಚಿರಬೇಕು. ಡೀಸೆಲ್ ಟ್ಯಾಂಕ್ ಗಾಡಿಯಿಂದ ಇಳಿಸಿ ದೂರ ಇಟ್ಟಿರಬೇಕು. ಖಾಲಿ ಟ್ಯಾಂಕ್ ಅಂತ ಅದಕ್ಕೇ ವೆಲ್ಡ್ ಮಾಡಲು ಹೋಗಬೇಡಿ, ಒಳಗಿನ ಆವಿ ಸಾಕು ಸಿಡಿಯಲು. ಇನ್ನೊಂದು, ಚಾಸಿಸ್ ನಂಬರ್ ಕೊರೆದಿರುವ ಜಾಗ ಮೊದಲೇ ಹುಡುಕಿ ಗ್ರೀಸ್ ಹಚ್ಚಿ ಟೇಪ್ ಸುತ್ತಿಡಿ. ಗ್ರೈಂಡರ್ ಹಿಡಿದ ಹುಡುಗನಿಗೆ ಅದು ನಂಬರೋ ತುಕ್ಕೋ ಗೊತ್ತಾಗುವುದಿಲ್ಲ. ಆ ನಂಬರ್ ಅಳಿಸಿದರೆ ಆರ್‌ಟಿಒ ಮುಂದೆ ನಿಮ್ಮ ಗಾಡಿ ನಿಮ್ಮದೇ ಅಂತ ಹೇಳಲು ಬಾಯಿ ಇರುವುದಿಲ್ಲ.

ಚಾಸಿಸ್ ಆದ ಮೇಲೆ ಬ್ರೇಕ್. ಆಗಲೂ ಎಂಜಿನ್ ಅಲ್ಲ! ಸ್ಟಾರ್ಟ್ ಆದ ಗಾಡಿಯನ್ನು ಒಂದು ರೌಂಡ್ ಓಡಿಸದೆ ಬಿಡುವವರು ಯಾರೂ ಇಲ್ಲ, ನಾನೂ ಬಿಟ್ಟಿಲ್ಲ, ನೀವೂ ಬಿಡುವುದಿಲ್ಲ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಒಂಬತ್ತು ವರ್ಷದ ಆಯಿಲ್ ಟೀ ಡಿಕಾಕ್ಷನ್ ಬಣ್ಣಕ್ಕೆ ಬಂದಿರುತ್ತದೆ. ಚಕ್ರದ ಬ್ರೇಕನ್ನು ಒತ್ತುವ ವೀಲ್ ಸಿಲಿಂಡರ್ ಒಳಗೆ ತುಕ್ಕು, ಅದರ ಪಿಸ್ಟನ್ ಜಾಮ್. ಸಿಲಿಂಡರ್‌ಗಳನ್ನೂ ರಬ್ಬರ್ ಹೋಸ್‌ಗಳನ್ನೂ ಕಣ್ಣು ಮುಚ್ಚಿ ಹೊಸದು ಹಾಕಿ. ಲೋಹದ ಪೈಪಿನಲ್ಲಿ ತುಕ್ಕು ಕಂಡರೆ ಅದೂ ಹೊಸದು. ಬ್ರೇಕಿನ ರಬ್ಬರನ್ನು ಡೀಸೆಲ್ಲಿನಲ್ಲಿ ತೊಳೆಯಬೇಡಿ, ಉಬ್ಬಿ ಹಾಳಾಗುತ್ತದೆ. ಹಳೆ ಲೈನಿಂಗಿನ ಪುಡಿಯನ್ನು ಬಾಯಲ್ಲಿ ಊದುವುದು, ಏರ್ ಹೊಡೆಯುವುದು ಬೇಡ, ಆ ಕಾಲದ್ದರಲ್ಲಿ ಆಸ್ಬೆಸ್ಟಾಸ್ ಇರಬಹುದು. ಒದ್ದೆ ಬಟ್ಟೆಯಲ್ಲಿ ಒರೆಸಿ ಬಿಸಾಕಿ. ಬ್ರೇಕ್ ಪೈಪಿನೊಳಗಿನ ಏರ್ ತೆಗೆಯುವಾಗ ಮಾಸ್ಟರ್ ಸಿಲಿಂಡರಿಗೆ (ಪೆಡಲ್ ಒತ್ತಿದಾಗ ಆಯಿಲ್ ತಳ್ಳುವುದು) ದೂರದ ಚಕ್ರದಿಂದ, ಅಂದರೆ ಎಡ ಹಿಂಭಾಗದಿಂದ, ಹತ್ತಿರಕ್ಕೆ ಬನ್ನಿ.

ಟೈರು ನೋಡಲು ಚೆನ್ನಾಗಿದೆ ಅಂತ ಇಟ್ಟುಕೊಳ್ಳಬೇಡಿ. ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2312 ಅಂದರೆ 2012ರ 23ನೇ ವಾರ. ಅಂಥ ಟೈರು ಹಾಕಿಕೊಂಡು ಚಾರ್ಮಾಡಿ ಇಳಿಯುತ್ತೀರಾ?

ಈಗ ಎಂಜಿನ್. ಬಾನೆಟ್ ಎತ್ತಿ ಯಾವುದು ಅಂತ ನೋಡಿ. ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ಪಕ್ಕ ಹೀಟರ್ ಪ್ಲಗ್ ಇದ್ದರೆ ಅದು ಬಹುಶಃ ಪ್ಯೂಜೊ ಲೈಸೆನ್ಸಿನ 2112 ಸಿಸಿ. ಚಳಿಯಲ್ಲಿ ಪ್ಲಗ್ ಬಿಸಿಯಾಗದೆ ಅದು ಏಳುವುದಿಲ್ಲ. ಪ್ಲಗ್ ಇಲ್ಲದ ಡಿಐ (ಡೀಸೆಲ್ ನೇರ ಸಿಲಿಂಡರಿಗೇ ಚಿಮ್ಮುವ ಎಂಜಿನ್) ಆದರೆ ಟ್ರ್ಯಾಕ್ಟರ್ ವಂಶದ್ದು, ಗಟ್ಟಿ ಜೀವ, ಸದ್ದು ಜಾಸ್ತಿ. ನನ್ನದು ಡಿಐ, 2523 ಸಿಸಿ. ಅದೇ ಅಳತೆಯ ಎಂಜಿನ್ ಬೊಲೆರೊದಲ್ಲೂ ಬಂದಿದ್ದರಿಂದ ಸ್ಪೇರ್‌ಗೆ ಅಷ್ಟು ಪರದಾಟ ಇಲ್ಲ. ಹಾಸನದಲ್ಲಿ ಸಿಗದ್ದು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸಿಕ್ಕಿತು. ಡೋರ್ ಹ್ಯಾಂಡಲ್, ಗ್ಲಾಸ್ ಎತ್ತುವ ಮೆಷಿನ್ ಇಂಥವು ಶಿವಾಜಿನಗರದ ಗುಜರಿಯಲ್ಲಿ.

ದಯವಿಟ್ಟು ಹೊಸ ಬ್ಯಾಟರಿ ಇಟ್ಟು ಸೆಲ್ಫ್ ಹೊಡೆಯಬೇಡಿ. ಏರ್ ಫಿಲ್ಟರ್, ಸೈಲೆನ್ಸರ್ ಪೈಪ್ ಬಿಚ್ಚಿ ನೋಡಿ, ಇಲಿ ಗೂಡು, ಕಣಜದ ಗೂಡು ಗ್ಯಾರಂಟಿ. ನನ್ನ ಸೀಟಿನ ಹಿಂದೆ ಒಂದು ಕೇರೆ ಹಾವಿನ ಪೊರೆ ಸಿಕ್ಕಿತು, ಉದ್ದ ನೋಡಿ ಹಾವು ಸಿಗದಿದ್ದಕ್ಕೆ ಸಮಾಧಾನಪಟ್ಟೆ. ಎಂಜಿನ್ ಆಯಿಲ್ ಇಳಿಸಿ ನೋಡಿ. ಕೆನೆ ಕಾಫಿಯ ಹಾಗಿದ್ದರೆ ನೀರು ಸೇರಿದೆ, ಅಲ್ಲಿಗೆ ನಿಲ್ಲಿಸಿ ಮೆಕ್ಯಾನಿಕ್ ಕರೆಯಿರಿ. ಕಪ್ಪಗಿದ್ದರೆ ಪರವಾಗಿಲ್ಲ. ಇಂಜೆಕ್ಟರ್ ಬಿಚ್ಚಿ ಪ್ರತಿ ಸಿಲಿಂಡರಿಗೂ ಎರಡು ಚಮಚ ಆಯಿಲ್ ಬಿಟ್ಟು ಎರಡು ಮೂರು ದಿನ ಹಾಗೇ ಬಿಡಿ. ಆಮೇಲೆ ಗೇರ್ ನ್ಯೂಟ್ರಲ್‌ನಲ್ಲಿಟ್ಟು ಕ್ರ್ಯಾಂಕ್ ಪುಲ್ಲಿ ಬೋಲ್ಟಿಗೆ ಪಾನ ಹಾಕಿ ಕೈಯಲ್ಲೇ ತಿರುಗಿಸಿ. ತಿರುಗದಿದ್ದರೆ ಪೈಪ್ ಸೇರಿಸಿ ಶಕ್ತಿ ಹಾಕಬೇಡಿ, ಇನ್ನಷ್ಟು ಆಯಿಲ್, ಇನ್ನಷ್ಟು ದಿನ. ಎರಡು ಸುತ್ತು ಸಲೀಸಾಗಿ ಬಂದರೆ ಓವರ್‌ಹಾಲ್ ಮಾತು ಸದ್ಯಕ್ಕೆ ಬದಿಗಿಡಿ. ನನ್ನ 46 ಸಾವಿರ ಪೂರ್ತಿ ಬೇಕಿತ್ತಾ ಅಂತ ನನಗೆ ಈಗಲೂ ಅನುಮಾನ.

ಟ್ಯಾಂಕಿನ ಹಳೆ ಡೀಸೆಲ್ ಚೆಲ್ಲಿ, ಟ್ಯಾಂಕ್ ಒಳಗೆ ಒಂದು ಹಿಡಿ ಜಲ್ಲಿ ಹಾಕಿ ಕುಲುಕಿ ತೊಳೆಯಿರಿ. ತಳದಲ್ಲಿ ಲೋಳೆ ಥರದ ಕಪ್ಪು ಬರುತ್ತದೆ. ಫಿಲ್ಟರ್ ಹೊಸದು. ಇಂಜೆಕ್ಟರ್‌ಗಳನ್ನು ಪಂಪ್ ರೂಮಿಗೆ (ಡೀಸೆಲ್ ಪಂಪ್, ಇಂಜೆಕ್ಟರ್ ರಿಪೇರಿ ಮಾಡುವ ಅಂಗಡಿ) ಕೊಟ್ಟು ಪ್ರೆಶರ್ ಸೆಟ್ ಮಾಡಿಸಿ ತಂದ ಮೇಲೆ, ಹ್ಯಾಂಡ್ ಪಂಪ್ ಒತ್ತುತ್ತಾ ಫಿಲ್ಟರಿನ ಬ್ಲೀಡ್ ಸ್ಕ್ರೂನಿಂದ ಗುಳ್ಳೆ ನಿಲ್ಲುವವರೆಗೂ ಏರ್ ತೆಗೆಯಿರಿ. ಕೊನೆಗೆ ಇಂಜೆಕ್ಟರ್ ಪೈಪಿನ ನಟ್ ಅರ್ಧ ಸುತ್ತು ಸಡಿಲ ಮಾಡಿ ಸೆಲ್ಫ್ ಹೊಡೆಯಿರಿ, ಡೀಸೆಲ್ ಬಂದ ಮೇಲೆ ಬಿಗಿ ಮಾಡಿ. ಅಲ್ಲಿ ಬೆರಳು ಹಿಡಿದು ನೋಡುವುದು ಬೇಡ, ಆ ಒತ್ತಡದ ಡೀಸೆಲ್ ಚರ್ಮದೊಳಗೇ ಹೋಗುತ್ತದೆ. ಮೊದಲ ಸ್ಟಾರ್ಟಿಗೆ ಒಬ್ಬರು ದಪ್ಪ ಹಲಗೆ ಹಿಡಿದು ಗಾಳಿ ಎಳೆಯುವ ಬಾಯಿಯ ಹತ್ತಿರ ನಿಂತಿರಲಿ. ಡೀಸೆಲ್ ಎಂಜಿನ್ ಹುಚ್ಚು ಹಿಡಿದು ರೇಸ್ ಆದರೆ ಕೀ ತಿರುಗಿಸಿದರೆ ನಿಲ್ಲುವುದಿಲ್ಲ, ಗಾಳಿ ಮುಚ್ಚಿದರೆ ನಿಲ್ಲುತ್ತದೆ. ಇಂಜೆಕ್ಟರ್‌ಗಳಿಗೆ ಡೀಸೆಲ್ ಒತ್ತುವ ಮೈಕೊ ಪಂಪನ್ನು ಮಾತ್ರ ಮನೆಯಲ್ಲಿ ಬಿಚ್ಚಬೇಡಿ. ಕಂಪನಿ ಹೆಸರು 2008ರಲ್ಲೇ ಬಾಷ್ ಆಯಿತು, ನಮ್ಮ ಮೆಕ್ಯಾನಿಕ್‌ಗಳ ಬಾಯಲ್ಲಿ ಇನ್ನೂ ಮೈಕೊನೇ.

ವೈರಿಂಗ್ ಬಗ್ಗೆ ಹೇಳಲು ಜಾಸ್ತಿ ಇಲ್ಲ. ಇಲಿ ಕಡಿದದ್ದಕ್ಕೆ ಟೇಪ್ ಸುತ್ತುತ್ತಾ ಕೂರುವ ಬದಲು ಪೂರ್ತಿ ಹೊಸದು ಎಳೆಸಿ, ಫ್ಯೂಸ್ ಮರೆಯಬೇಡಿ.

ಪೇಂಟ್ ಯಾವಾಗ ಮಾಡುತ್ತೀರಿ ಅನ್ನುವುದು ಯಾವ ಪೇಂಟ್ ಅನ್ನುವುದಕ್ಕಿಂತ ಮುಖ್ಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬ್ರಷ್ ಮುಟ್ಟಬೇಡಿ. ತೇವದಲ್ಲಿ ಎನ್‌ಸಿ (ಬೇಗ ಒಣಗುವ ನೈಟ್ರೊಸೆಲ್ಯುಲೋಸ್) ಪೇಂಟ್ ಹೊಡೆದರೆ ಮೇಲೆ ಹಾಲು ಚೆಲ್ಲಿದ ಹಾಗೆ ಬೆಳ್ಳಗಾಗುತ್ತದೆ. ನವೆಂಬರ್‌ನಿಂದ ಕಾಫಿ ಕುಯ್ಲು, ಆಗ ನಿಮಗೂ ಪುರುಸೊತ್ತಿಲ್ಲ, ಕಣದ ಧೂಳು ಬೇರೆ. ರೋಬಸ್ಟಾ ಕುಯ್ಲು ಮುಗಿದು, ಕಾಫಿ ಹೂ ಅರಳಿಸುವ ಹೂಮಳೆ ಬರುವ ಸಂದಿಯಲ್ಲಿ ಸಿಗುವ ಒಣ ದಿನಗಳೇ ಗತಿ. ತುಕ್ಕು ಉಜ್ಜಿದ ದಿನವೇ ಪ್ರೈಮರ್ ಬೀಳಬೇಕು, ನಮ್ಮಲ್ಲಿ ರಾತ್ರಿ ಬಿಟ್ಟರೆ ಬೆಳಗ್ಗೆ ಮತ್ತೆ ಕೆಂಪಗಿರುತ್ತದೆ. ಚಾಸಿಸ್ಸಿಗೆ ಬರೀ ರೆಡ್ ಆಕ್ಸೈಡ್ ಸಾಲದು, ಎಪಾಕ್ಸಿ ಪ್ರೈಮರ್ ಹಾಕಿ. ತೊಟ್ಟಿಯ ನೆಲಕ್ಕೆ ನಾನು 3 ಮಿ.ಮೀ. ಚೆಕರ್ಡ್ ಪ್ಲೇಟ್ ಹಾಕಿಸಿದೆ. ಚದರ ಮೀಟರಿಗೆ ಸುಮಾರು 24 ಕೆ.ಜಿ., ಒಟ್ಟು 90 ಕೆ.ಜಿ. ಏರಿತು. ಈಗ ಮಾಡಿದರೆ ತೆಳು ತಗಡು ಹಾಕಿ ಮೇಲೆ ರಬ್ಬರ್ ಮ್ಯಾಟ್ ಹಾಸುತ್ತಿದ್ದೆ.

ಖರ್ಚು ಕೇಳಿದ್ದಿರಿ. ನನ್ನ ಪುಸ್ತಕದಲ್ಲಿ ಬರೆದಿಟ್ಟಿರುವುದು 1 ಲಕ್ಷದ 72 ಸಾವಿರ, ಹದಿನಾಲ್ಕು ತಿಂಗಳು. ಇದರಲ್ಲಿ ಎಂಜಿನ್ ಎರಡನೇ ಸಲ ಇಳಿಸಿ ಏರಿಸಿದ ದಂಡವೂ ಸೇರಿದೆ. ನನ್ನ ಕೂಲಿ ಸೇರಿಲ್ಲ, ಸೇರಿಸಿದರೆ ಮನೆಯಲ್ಲಿ ಜಗಳ.

ಇದಕ್ಕೆಲ್ಲ ದುಡ್ಡು ಹಾಕುವ ಮೊದಲು ಆರ್‌ಸಿ ತೆಗೆದು ನೋಡಿ. ಗೂಡ್ಸ್ ಅಂತ ಇದ್ದರೆ ವರ್ಷ ವರ್ಷ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಆಗಬೇಕಿತ್ತು. ಖಾಸಗಿ ಅಂತ ಇದ್ದರೆ 15 ವರ್ಷ ತುಂಬಿದಾಗ ರಿನ್ಯೂವಲ್, ಆಮೇಲೆ 5 ವರ್ಷಕ್ಕೊಮ್ಮೆ. ಅದರ ಫೀ 600 ಇದ್ದದ್ದು 2022ರ ಏಪ್ರಿಲ್‌ನಿಂದ 5,000 ಆಯಿತು, 20 ವರ್ಷ ದಾಟಿದ್ದಕ್ಕೆ 2025ರಲ್ಲಿ 10,000 ಮಾಡಿದರು. ತಡವಾದಷ್ಟೂ ದಂಡ ಬೇರೆ. ಬಾಕಿ ಟ್ಯಾಕ್ಸ್ ಎಷ್ಟಿದೆ ಅಂತ ಆರ್‌ಟಿಒದಲ್ಲೇ ಕೇಳಿ. ಅಜ್ಜನ ಹೆಸರಿನಲ್ಲೇ ಇದ್ದರೆ ವಾರಸುದಾರರ ಹೆಸರಿಗೆ ಮಾಡಿಸಲು ಫಾರ್ಮ್ 31 ಬೇಕು. ಬೇರೆ ಎಂಜಿನ್ ಕೂರಿಸುವ ಯೋಚನೆ ಇದ್ದರೆ ಮೊದಲು ಅವರ ಅನುಮತಿ ತೆಗೆದುಕೊಳ್ಳಿ, ಇಲ್ಲದಿದ್ದರೆ ಆರ್‌ಸಿಯ ಎಂಜಿನ್ ನಂಬರಿಗೂ ಗಾಡಿಗೂ ತಾಳೆಯಾಗುವುದಿಲ್ಲ.

ಈ ಭಾನುವಾರ ಬಿಡುವಿದ್ದರೆ ಸುಮ್ನೆ ಸುತ್ತಿಗೆ ಹಿಡಿದು ಗಾಡಿ ಕೆಳಗೆ ಮಲಗಿ. ಟಣ್ ಎಷ್ಟು ಕಡೆ, ದಪ್ ಎಷ್ಟು ಕಡೆ ಅಂತ ಇಲ್ಲೇ ಬರೆಯಿರಿ, ಫೋಟೊ ಹಾಕಿ. ಮುಂದಿನದು ಆಮೇಲೆ ನೋಡೋಣ.