ಪಟ್ಟಿ ಕೊಡುತ್ತೇನೆ, ಆದರೆ ಮೊದಲು ಚಂದ್ರ

ಓದುಗರೊಬ್ಬರು ಬರೆದಿದ್ದಾರೆ: ‘ಎಂಟು ವರ್ಷದ ಮಗಳಿಗೆ ಸೌರಮಂಡಲದ ಹುಚ್ಚು ಹಿಡಿದಿದೆ. ಅಂತರ್ಜಾಲದಲ್ಲಿ ಯಾವುದನ್ನು ನಂಬುವುದು, ಯಾವುದನ್ನು ಬಿಡುವುದು ತಿಳಿಯುತ್ತಿಲ್ಲ. ಒಳ್ಳೆಯ ತಾಣಗಳ ಪಟ್ಟಿಯೊಂದನ್ನು ಕೊಡಬಾರದೇ?’

ಕೊಡುತ್ತೇನೆ. ನಾಸಾದ ‘ಸ್ಪೇಸ್ ಪ್ಲೇಸ್’ ಮಕ್ಕಳಿಗೆಂದೇ ರೂಪಿಸಿದ ತಾಣ. ಅದೇ ಸಂಸ್ಥೆಯ ‘ಐಸ್ (Eyes) ಆನ್ ದ ಸೋಲಾರ್ ಸಿಸ್ಟಮ್’ನಲ್ಲಿ ಗ್ರಹಗಳೂ ನೌಕೆಗಳೂ ಈ ಹೊತ್ತು ಎಲ್ಲಿವೆ ಎಂದು ನೋಡಬಹುದು. ‘ಸ್ಟೆಲೇರಿಯಂ’ ಎಂಬ ತಂತ್ರಾಂಶ ಇಂದಿನ ರಾತ್ರಿಯ ಆಕಾಶವನ್ನು ತೆರೆದಿಡುತ್ತದೆ. ಮೂರಕ್ಕೂ ಹಣ ಕೊಡಬೇಕಾಗಿಲ್ಲ. 2015ರಲ್ಲಿ ನ್ಯೂ ಹೊರೈಜನ್ಸ್ ನೌಕೆ ತೆಗೆದ ಪ್ಲೂಟೊ ಚಿತ್ರಗಳನ್ನು ಮಗುವೊಂದು ಮನೆಯಲ್ಲೇ ಕುಳಿತು ನೋಡುವುದು ಸಣ್ಣ ಭಾಗ್ಯವಲ್ಲ, ಒಪ್ಪುತ್ತೇನೆ.

ಈಗ ನನ್ನದೊಂದು ಪ್ರಶ್ನೆ. ನಿಮ್ಮ ಮಗಳು ಚಂದ್ರನನ್ನು ಕೊನೆಯ ಬಾರಿ ನೋಡಿದ್ದು ಯಾವಾಗ? ಪರದೆಯ ಮೇಲಲ್ಲ, ತಲೆಯೆತ್ತಿ.

ಗೆಳೆಯರೊಬ್ಬರ ಮಗ, ಒಂಬತ್ತರ ಹುಡುಗ, ಶನಿಯ ಉಪಗ್ರಹಗಳ ಹೆಸರನ್ನು ಟೈಟಾನ್, ರಿಯಾ, ಎನ್ಸೆಲಡಸ್ ಎಂದು ಪಟಪಟನೆ ಒಪ್ಪಿಸುತ್ತಿದ್ದ. ಒಂದು ಬೆಳಿಗ್ಗೆ ಪಶ್ಚಿಮದ ಆಕಾಶದಲ್ಲಿ ಮಾಸಲಾಗಿ ಕಾಣುತ್ತಿದ್ದ ಚಂದ್ರನನ್ನು ತೋರಿಸಿದೆ. ‘ಅದು ಚಂದ್ರ ಅಲ್ಲ, ಚಂದ್ರ ರಾತ್ರಿ ಮಾತ್ರ ಬರುತ್ತಾನೆ’ ಎಂದು ಪಟ್ಟು ಹಿಡಿದ. ನಾನು ವಾದಿಸಲಿಲ್ಲ. ಒಂದು ನೋಟುಪುಸ್ತಕ ಕೊಟ್ಟು, ಬಿದಿಗೆಯಿಂದ ಶುರುಮಾಡಿ ಪ್ರತಿದಿನ ಸಂಜೆ ಏಳಕ್ಕೆ ಒಂದೇ ಜಾಗದಲ್ಲಿ ನಿಂತು ಕಂಡದ್ದನ್ನು ಬರೆ ಎಂದೆ. ಮೊದಲ ಪುಟದಲ್ಲಿ ಚಾವಣಿಯ ಅಂಚಿಗೆ ತಾಗಿದಂತೆ ತೆಳ್ಳನೆಯ ಗೆರೆ. ದಿನದಿಂದ ದಿನಕ್ಕೆ ಚಂದ್ರ ಪೂರ್ವಕ್ಕೆ ಸರಿಯುತ್ತಾ ದಪ್ಪಗಾದ. ಆರನೆಯ ಪುಟದ ಕೆಳಗೆ, ಯಾರೂ ಹೇಳಿಕೊಡದೆ, ಪೆನ್ಸಿಲಿನಲ್ಲಿ ಒತ್ತಿ ಬರೆದಿದ್ದ: ‘ಹೊಳೆಯುವ ಕಡೆ ಯಾವಾಗಲೂ ಸೂರ್ಯ ಮುಳುಗಿದ ಕಡೆಗೇ ಇದೆ.’ ಹುಣ್ಣಿಮೆ ಕಳೆದು ಎರಡು ದಿನಕ್ಕೆ ಗಾಬರಿಯಿಂದ ಫೋನ್ ಮಾಡಿದ: ಏಳು ಗಂಟೆಯಾದರೂ ಚಂದ್ರ ಬಂದಿಲ್ಲ! ಕಾಯಿ ಎಂದೆ. ಕಾದ, ಕಂಡ. ಚಂದ್ರೋದಯ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತದೆ ಎಂಬುದನ್ನು ಅವನಿಗೆ ಇನ್ನು ಯಾರೂ ಕಲಿಸಬೇಕಾಗಿಲ್ಲ.

ಆ ಆರನೆಯ ಪುಟದ ಸಾಲಿನ ಬೆಲೆ ಗೊತ್ತೇ? ಚಂದ್ರ ದಿನೇದಿನೇ ಬೆಳೆದು ಕರಗುವುದಕ್ಕೆ ಭೂಮಿಯ ನೆರಳು ಕಾರಣ ಎಂದು ನಂಬಿರುವ ಪದವೀಧರರನ್ನು ನಾನು ಕಂಡಿದ್ದೇನೆ. ಭೂಮಿಯ ನೆರಳು ಬೀಳುವುದು ಗ್ರಹಣದಲ್ಲಿ ಮಾತ್ರ. ಉಳಿದ ದಿನಗಳಲ್ಲಿ ನಾವು ಕಾಣುವುದು ಸೂರ್ಯ ಬೆಳಗಿದ ಅರ್ಧದ ಒಂದು ಪಾಲನ್ನು. ಹುಡುಗ ಕಣ್ಣಿನಿಂದಲೇ ಅದರ ಬಾಗಿಲಿಗೆ ಬಂದು ನಿಂತಿದ್ದ.

ಪರದೆಯ ಚಿತ್ರಗಳು ಸುಳ್ಳನ್ನೂ ಕಲಿಸುತ್ತವೆ. ಭೂಮಿಯ ಕಕ್ಷೆಯನ್ನು ಉದ್ದನೆಯ ಮೊಟ್ಟೆಯಂತೆ ಬರೆದಿರುತ್ತಾರೆ. ಸೂರ್ಯನ ಹತ್ತಿರ ಹೋದಾಗ ಬೇಸಿಗೆ ಎಂದು ಮಗು ಅಂದುಕೊಳ್ಳದೆ ಇನ್ನೇನು ಮಾಡೀತು? ಭೂಮಿ ಸೂರ್ಯನಿಗೆ ಅತಿ ಸಮೀಪ ಇರುವುದು ಜನವರಿಯ ಮೊದಲ ವಾರದಲ್ಲಿ, ಉತ್ತರಾರ್ಧ ಗೋಳದ ಚಳಿಗಾಲದಲ್ಲಿ. ಋತುಗಳಿಗೆ ಕಾರಣ ಭೂಮಿಯ ಅಕ್ಷದ ಓರೆ. ಗ್ರಹಗಳನ್ನಂತೂ ದಾರದಲ್ಲಿ ಪೋಣಿಸಿದ ಮಣಿಗಳಂತೆ ಸಾಲಾಗಿ ನಿಲ್ಲಿಸುತ್ತಾರೆ. 22 ಸೆಂಟಿಮೀಟರಿನ ಚೆಂಡೊಂದನ್ನು ಸೂರ್ಯ ಎಂದುಕೊಳ್ಳಿ. ಭೂಮಿ ಸಾಸಿವೆಯಷ್ಟು, ಅದನ್ನಿಡಲು ಸುಮಾರು 24 ಮೀಟರ್ ನಡೆಯಬೇಕು. ಅದರಿಂದ ಆರು ಸೆಂಟಿಮೀಟರ್ ಆಚೆ ಚಂದ್ರನೆಂಬ ಚುಕ್ಕೆ. ನೆಪ್ಚೂನ್ ಇಡಲು 700 ಮೀಟರಿಗೂ ಹೆಚ್ಚು ನಡೆಯಬೇಕು. ಇದನ್ನು ಮಗಳೊಂದಿಗೆ ನಡೆದು ನೋಡಿ. ಕಾಲು ನೋಯುವಾಗ ಆಗುವ ಅರಿವನ್ನು ಬೆರಳಿನಿಂದ ಪರದೆ ಸರಿಸಿ ಪಡೆಯಲಾಗದು.

ನನ್ನ ಸಿಟ್ಟು ಜಾಲತಾಣಗಳ ಮೇಲಲ್ಲ, ನಮ್ಮ ಮೇಲೆ. ಗ್ರಹಗಳ ಹೆಸರನ್ನು ಕ್ರಮವಾಗಿ ಬರೆದವನಿಗೆ ಪೂರ್ಣ ಅಂಕ. ಸಂಜೆಯ ಆಕಾಶಕ್ಕೆ ಬೆರಳು ಮಾಡಿ ‘ಅದೋ ಶುಕ್ರ’ ಎಂದವಳಿಗೆ ಯಾವ ಪರೀಕ್ಷೆಯಲ್ಲೂ ಅಂಕವಿಲ್ಲ. ಮಗು ಪ್ರಶ್ನೆ ಕೇಳಿದ ಮರುಕ್ಷಣವೇ ಮೊಬೈಲ್ ಕೊಟ್ಟು ಕೈತೊಳೆದುಕೊಳ್ಳುತ್ತೇವೆ. 1610ರ ಜನವರಿಯಲ್ಲಿ ಗೆಲಿಲಿಯೊ ಗುರುಗ್ರಹದ ಪಕ್ಕದ ಚುಕ್ಕೆಗಳು ಜಾಗ ಬದಲಿಸುವುದನ್ನು ರಾತ್ರಿಯಿಂದ ರಾತ್ರಿಗೆ ಗುರುತು ಹಾಕಿಕೊಂಡೇ ಅದರ ನಾಲ್ಕು ಚಂದ್ರರನ್ನು ಕಂಡುಹಿಡಿದ. ಅಲುಗದಂತೆ ಹಿಡಿದ ಸಾಧಾರಣ ಬೈನಾಕ್ಯುಲರಿನಲ್ಲಿ ಅವು ಇಂದಿಗೂ ಕಾಣುತ್ತವೆ. ಸೂರ್ಯನ ಕಡೆಗೆ ಮಾತ್ರ ಅದನ್ನು ಎಂದೂ ತಿರುಗಿಸಕೂಡದು, ಕಣ್ಣು ಹೋಗುತ್ತದೆ.

ಇಷ್ಟೆಲ್ಲ ಬೈದದ್ದಕ್ಕೆ ಬೇಸರಿಸಬೇಡಿ. ಪಟ್ಟಿ ಕೇಳುವ ಮೊದಲು ಯಾವುದನ್ನು ನಂಬುವುದು ಎಂದು ಯೋಚಿಸಿದ ತಾಯಿ ನೀವು, ಅಂಥವರು ಕಡಿಮೆ. ಬರುವ ಬಿದಿಗೆಯ ಸಂಜೆ ಮಗಳ ಕೈಗೆ ಪೆನ್ಸಿಲ್ ಕೊಡಿ, ನೀವೂ ಪಕ್ಕದಲ್ಲಿ ನಿಲ್ಲಿ. ಅವಳ ಪುಟಗಳು ತುಂಬಿದ ಮೇಲೆ ನಮಗೆ ಕಳುಹಿಸಿ. ಮೋಡ ಕವಿದ ದಿನದ ಖಾಲಿ ಪುಟವನ್ನೂ ಸೇರಿಸಿ ಪ್ರಕಟಿಸುತ್ತೇವೆ.

– ಸಂಪಾದಕ