ಪುಣೆ ಹತ್ತಿರದ ಗುಡ್ಡದ ಮೇಲೆ, ಲೈನ್ ಇಲ್ಲದ ಮನೆಯನ್ನು ಬರೀ ಗಾಳಿಯಂತ್ರ ಮತ್ತು ಬ್ಯಾಟರಿಯಿಂದ ನಡೆಸಬಹುದಾ?

ಮುಳಶಿ ಕಡೆ ಗುಡ್ಡದ ಮೇಲೆ ಮನೆ ಕಟ್ಟುತ್ತಿದ್ದೀರಿ, ಹತ್ತಿರದ ಕರೆಂಟ್ ಕಂಬವೇ ಒಂದೂವರೆ ಕಿಲೋಮೀಟರ್ ದೂರ. ಮಳೆಗಾಲದಲ್ಲಿ ನಿಲ್ಲೋಕಾಗದಷ್ಟು ಗಾಳಿ ಬೀಸುತ್ತೆ, ಅದಕ್ಕೆ 1 ಕಿಲೋವ್ಯಾಟ್‌ನ ಎರಡು ಗಾಳಿಯಂತ್ರ ಹಾಕಿ ಸೋಲಾರ್ ಪೂರ್ತಿ ಬಿಡಬಹುದಾ ಅಂತ ಕೇಳಿದ್ದೀರಿ. ಬಿಡಬೇಡಿ. ನಾನು ಗದಗ ಕಡೆಯವನು, ಕೆಲಸ ಪುಣೆಯಲ್ಲಿ. ವೆಲ್ಹೆ ಕಡೆ ಗುಡ್ಡದ ಅಂಚಿನಲ್ಲಿ ನಮ್ಮದೊಂದು ಪುಟ್ಟ ಮನೆ ಇದೆ, ಅಲ್ಲಿಗೂ ಲೈನ್ ಬಂದಿಲ್ಲ. ನಾನೂ ಮೊದಲು ನಿಮ್ಮ ಹಾಗೇ ಯೋಚಿಸಿದ್ದೆ. ಈಗ ನಾಲ್ಕು ಮಳೆಗಾಲ ಕಳೆದಿವೆ.

ನಮ್ಮೂರ ಕಡೆ ಕಪ್ಪತಗುಡ್ಡದ ಮೇಲೆ ದೊಡ್ಡ ದೊಡ್ಡ ಫ್ಯಾನುಗಳಿವೆ. ಇಲ್ಲಿ ಸಾತಾರಾ ಜಿಲ್ಲೆಯ ಚಾಳಕೇವಾಡಿ, ವಂಕುಸವಡೆ ಪಠಾರದ (ಗುಡ್ಡದ ಮೇಲಿನ ಬಯಲಿನ) ಮೇಲೂ ಸಾಲು ಸಾಲು ನಿಂತಿವೆ. ಅವು ತಿರುಗುವುದನ್ನು ನೋಡಿದರೆ ನಮ್ಮ ಮನೆಗೂ ಒಂದು ಚಿಕ್ಕದು ಸಾಕಲ್ವಾ ಅನ್ನಿಸುತ್ತೆ. ಆದರೆ ಗಾಳಿಯ ಲೆಕ್ಕ ನಾವು ಅಂದುಕೊಂಡ ಹಾಗಿಲ್ಲ. ಗಾಳಿಯ ವೇಗ ಎರಡು ಪಟ್ಟಾದರೆ ಅದರ ಶಕ್ತಿ ಎಂಟು ಪಟ್ಟಾಗುತ್ತೆ. ಅರ್ಧ ಆದರೆ ಎಂಟರಲ್ಲಿ ಒಂದು ಪಾಲಿಗೆ ಇಳಿಯುತ್ತೆ. ನಮ್ಮ ಯಂತ್ರದ ಮೇಲೆ 1 ಕಿಲೋವ್ಯಾಟ್ ಅಂತ ಬರೆದಿದೆ. ಅದು ಸೆಕೆಂಡಿಗೆ 12 ಮೀಟರ್, ಅಂದರೆ ಗಂಟೆಗೆ 43 ಕಿಲೋಮೀಟರ್ ಗಾಳಿ ಬೀಸಿದಾಗಿನ ಮಾತು. ಗಾಳಿ 6 ಮೀಟರಿಗೆ ಇಳಿದರೆ ಸಿಗೋದು ಸುಮಾರು 125 ವ್ಯಾಟ್. 3 ಮೀಟರಿಗೆ ಇಳಿದರೆ 16 ವ್ಯಾಟ್ ಆಸುಪಾಸು, ಎರಡು ಎಲ್‌ಇಡಿ ಬಲ್ಬಿಗೂ ಸಾಲದು. ಡಿಸೆಂಬರ್‌ನಲ್ಲಿ ನಮ್ಮ ಗುಡ್ಡದ ಮೇಲೆ ಎಷ್ಟೋ ದಿನ ಅಷ್ಟೂ ಇರಲ್ಲ. ರೆಕ್ಕೆ ಸುಮ್ನೆ ನಿಂತಿರುತ್ತೆ.

ಹಾಗಾಗಿ ಕಿಲೋವ್ಯಾಟ್ ನೋಡಬೇಡಿ, ರೆಕ್ಕೆಯ ಅಗಲ ನೋಡಿ. ನಮ್ಮದು ಈ ತುದಿಯಿಂದ ಆ ತುದಿಗೆ 2.4 ಮೀಟರ್. ಬರೀ ನಾಲ್ಕು ಅಡಿ ಅಗಲದ್ದನ್ನು 3 ಕಿಲೋವ್ಯಾಟ್ ಅಂತ ಯಾರಾದರೂ ಮಾರಲು ಬಂದರೆ ನಮಸ್ಕಾರ ಹೇಳಿ ಕಳಿಸಿ. 12 ಮೀಟರ್ ವೇಗದಲ್ಲಿ ಅಷ್ಟಗಲದ ಗಾಳಿಯಲ್ಲಿ ಇರೋ ಒಟ್ಟು ಶಕ್ತಿಯೇ ಸುಮಾರು 1.2 ಕಿಲೋವ್ಯಾಟ್. ಅದನ್ನೂ ಪೂರ್ತಿ ಹಿಡಿಯೋಕಾಗಲ್ಲ. ಎಂಥ ಯಂತ್ರವಾದರೂ ಗಾಳಿಯ ಶಕ್ತಿಯಲ್ಲಿ ನೂರಕ್ಕೆ 59 ಪಾಲಿಗಿಂತ ಜಾಸ್ತಿ ತೆಗೆಯೋಕಾಗಲ್ಲ ಅಂತ ಜರ್ಮನಿಯ ಆಲ್ಬರ್ಟ್ ಬೆಟ್ಸ್ 1919ರಲ್ಲೇ ಲೆಕ್ಕ ಹಾಕಿ ತೋರಿಸಿದ್ದಾರೆ. ಮನೆ ಮೇಲಿನ ಚಿಕ್ಕ ಯಂತ್ರಕ್ಕೆ ನೂರಕ್ಕೆ 25 ಸಿಕ್ಕರೂ ಒಳ್ಳೆಯದೇ.

ಈಗ ನಮ್ಮ ಮನೆ ಖರ್ಚು ಹೇಳುತ್ತೇನೆ. ಕಮ್ಮಿ ಕರೆಂಟ್ ತಿನ್ನೋ ಎರಡು ಬಿಎಲ್‌ಡಿಸಿ ಫ್ಯಾನು, ಆರು ಬಲ್ಬು, ಒಂದು ಚಿಕ್ಕ ಫ್ರಿಜ್ಜು, ಲ್ಯಾಪ್‌ಟಾಪ್, ಫೋನು, ಮಿಕ್ಸಿ, ಟ್ಯಾಂಕಿಗೆ ನೀರೆತ್ತಲು ಅರ್ಧ ಎಚ್‌ಪಿ ಪಂಪು. ಎಲ್ಲ ಸೇರಿ ದಿನಕ್ಕೆ ಎರಡೂವರೆ ಯೂನಿಟ್. ಗೀಸರ್ ಇಲ್ಲ, ನೀರು ಕಾಯೋದು ಒಲೆ ಮೇಲೆ. ಹಳೇ ಸೀಲಿಂಗ್ ಫ್ಯಾನು 75 ವ್ಯಾಟ್ ತಿನ್ನುತ್ತಿತ್ತು, ಈಗಿನದು 30. ಇನ್ನೊಂದು ಯಂತ್ರ ತರುವುದಕ್ಕಿಂತ ಫ್ಯಾನು ಬದಲಿಸುವುದು ಎಷ್ಟೋ ಅಗ್ಗ. ಮೊದಲು ಖರ್ಚು ಇಳಿಸಿ, ಆಮೇಲೆ ಯಂತ್ರದ ಮಾತು.

ಇದಕ್ಕೆ ನಮ್ಮಲ್ಲಿ 540 ವ್ಯಾಟ್‌ನ ಮೂರು ಸೋಲಾರ್ ಪ್ಯಾನೆಲ್, ಒಂದು ಗಾಳಿಯಂತ್ರ ಇವೆ. ಮಾರ್ಚ್, ಏಪ್ರಿಲ್‌ನಲ್ಲಿ ಸೋಲಾರ್ ಒಂದರಿಂದಲೇ ದಿನಕ್ಕೆ ಆರು ಯೂನಿಟ್ ಬರುತ್ತೆ, ಖರ್ಚಾಗಿ ಮಿಗುತ್ತೆ. ಜುಲೈನಲ್ಲಿ ಸಹ್ಯಾದ್ರಿ ಮೇಲೆ ವಾರಗಟ್ಟಲೆ ಸೂರ್ಯ ಕಾಣಲ್ಲ. ಆಗ ಅದೇ ಪ್ಯಾನೆಲ್‌ಗಳಿಂದ ಒಂದೂವರೆ ಯೂನಿಟ್ ಬಂದರೆ ಹೆಚ್ಚು. ಸರಿಯಾಗಿ ಅದೇ ಹೊತ್ತಿಗೆ ಅರಬ್ಬಿ ಸಮುದ್ರದ ಕಡೆಯಿಂದ ಗಾಳಿ ಏಳುತ್ತೆ, ಹಗಲು ರಾತ್ರಿ ನಿಲ್ಲದೆ ಬೀಸುತ್ತೆ. ಆಗ ಯಂತ್ರ ದಿನಕ್ಕೆ ಮೂರು ಯೂನಿಟ್ ಕೊಡುತ್ತೆ. ಅಕ್ಟೋಬರ್ ಬಂತೆಂದರೆ ಅದು ಕಾಲು ಯೂನಿಟ್ಟಿಗೆ ಇಳಿಯುತ್ತೆ, ಆಕಾಶ ತಿಳಿಯಾಗಿ ಸೋಲಾರ್ ಮತ್ತೆ ಎದ್ದು ಕೂರುತ್ತೆ. ಈ ಹೊಂದಾಣಿಕೆ ನೋಡಿದಾಗ ನನಗೆ ನಿಜವಾಗಿ ಸಂತೋಷ ಆಗುತ್ತೆ. ನಮ್ಮ ಕಡೆ ಗಾಳಿಯಂತ್ರ ಅಂದರೆ ಮಳೆಗಾಲದ ಜೊತೆಗಾರ. ನೀವು ಎರಡು ಯಂತ್ರಕ್ಕೆ ಹಾಕೋ ದುಡ್ಡಿನಲ್ಲಿ ಒಂದು ಯಂತ್ರ, ನಾಲ್ಕು ಪ್ಯಾನೆಲ್ ಹಾಕಿ. ಬರೀ ಗಾಳಿಯನ್ನೇ ನೆಚ್ಚಿಕೊಂಡರೆ ನವೆಂಬರ್‌ನಿಂದ ಫೆಬ್ರವರಿವರೆಗೆ ಕತ್ತಲಲ್ಲಿ ಕೂರಬೇಕಾಗುತ್ತೆ.

ಬ್ಯಾಟರಿ ಬಗ್ಗೆ ಹೆಚ್ಚು ಹೇಳಲ್ಲ. ಮೊದಲು 12 ವೋಲ್ಟ್ 150 ಆಂಪಿಯರ್-ಅವರ್‌ನ ನಾಲ್ಕು ಟ್ಯೂಬ್ಯುಲರ್ ಬ್ಯಾಟರಿ ಇಟ್ಟಿದ್ದೆ. ಲೆಕ್ಕಕ್ಕೆ ಏಳು ಯೂನಿಟ್, ಆದರೆ ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಅವುಗಳ ಆಯಸ್ಸು ಕಮ್ಮಿ ಆಗುತ್ತೆ. ಡಿಸ್ಟಿಲ್ಡ್ ನೀರು ಹಾಕುತ್ತಿರಬೇಕು, ಹೈಡ್ರೋಜನ್ ಬಿಡೋದರಿಂದ ಕೋಣೆಗೆ ಗಾಳಿಯಾಡಬೇಕು. ಈಗ 48 ವೋಲ್ಟ್ 100 ಆಂಪಿಯರ್-ಅವರ್‌ನ ಲಿಥಿಯಂ ಐರನ್ ಫಾಸ್ಫೇಟ್ ಒಂದೇ ಇದೆ. ಐದು ಯೂನಿಟ್ ಹಿಡಿಯುತ್ತೆ, ನಾಲ್ಕಕ್ಕಿಂತ ಜಾಸ್ತಿ ಧೈರ್ಯವಾಗಿ ಬಳಸಬಹುದು. ಏನೇ ಮಾಡಿ, 12 ವೋಲ್ಟ್‌ನಲ್ಲಿ ಮಾಡಬೇಡಿ. 1 ಕಿಲೋವ್ಯಾಟ್‌ಗೆ 12 ವೋಲ್ಟ್‌ನಲ್ಲಿ 83 ಆಂಪಿಯರ್ ಹರಿಯುತ್ತೆ, 48ರಲ್ಲಿ 21. ಆಂಪಿಯರ್ ಹೆಚ್ಚಿದಷ್ಟೂ ಗಾಳಿಯಂತ್ರದ ಕಂಬದಿಂದ ಮನೆವರೆಗಿನ ಕೇಬಲ್ ದಪ್ಪ ಬೇಕಾಗುತ್ತೆ.

ನಾನು ಮಾಡಿದ ದೊಡ್ಡ ತಪ್ಪು ಕಂಬದ್ದು. ಯಂತ್ರ ಮಾರಿದವರು ತಾರಸಿ ಮೇಲೆ ಹನ್ನೆರಡು ಅಡಿ ಪೈಪಿಗೆ ಕೂರಿಸಿ ಹೋದರು. ಮೊದಲ ಜೋರು ಗಾಳಿಗೇ ಗೋಡೆಯೊಳಗಿಂದ ಗುಂಯ್ ಅಂತ ಸದ್ದು. ಅಡುಗೆಮನೆ ಶೆಲ್ಫಿನ ಸ್ಟೀಲ್ ತಟ್ಟೆಗಳು ರಾತ್ರಿಯಿಡೀ ಕಟಕಟ ಅನ್ನುತ್ತಿದ್ದವು. ಯಂತ್ರವೂ ಒಂದು ದಿಕ್ಕಿಗೆ ನಿಲ್ಲದೆ ಆಚೆ ಈಚೆ ತಿರುಗುತ್ತಿತ್ತು. ಮನೆಗೆ, ಮರಕ್ಕೆ ಬಡಿದು ಬರೋ ಗಾಳಿ ಸುಳಿ ಸುತ್ತುತ್ತೆ, ಅದರಲ್ಲಿ ಶಕ್ತಿ ಇಲ್ಲ, ಬೇರಿಂಗ್ ಹಾಳಾಗುತ್ತೆ ಅಷ್ಟೇ. ಸುತ್ತ ನೂರು ಮೀಟರಿನಲ್ಲಿ ಇರೋ ಎತ್ತರದ ಮರ ಅಥವಾ ಕಟ್ಟಡಕ್ಕಿಂತ ಕನಿಷ್ಠ ಹತ್ತು ಮೀಟರ್ ಮೇಲೆ ರೆಕ್ಕೆ ಇರಬೇಕು. ಪಕ್ಕದ ಹೊಲದ ಕಾಕಾ ನನ್ನನ್ನು ಗುಡ್ಡದ ಪಶ್ಚಿಮದ ಅಂಚಿಗೆ ಕರೆದುಕೊಂಡು ಹೋಗಿ, ಅಲ್ಲಿನ ಕುರುಚಲು ಗಿಡಗಳನ್ನು ತೋರಿಸಿದರು. ಎಲ್ಲವೂ ಪೂರ್ವಕ್ಕೆ ಬಾಗಿದ್ದವು, ಪಶ್ಚಿಮದ ಕಡೆ ಟೊಂಗೆಗಳೇ ಇಲ್ಲ. ಅಲ್ಲೇ ನಲವತ್ತು ಅಡಿ ಕಂಬ ನಿಲ್ಲಿಸಿದೆವು. ನಾಲ್ಕು ಕಡೆ ತಂತಿ ಎಳೆದು ಕಟ್ಟಿದ್ದು, ಬುಡದಲ್ಲಿ ಕೀಲು ಇದೆ, ಬೇಕಾದಾಗ ಕಂಬವನ್ನೇ ನೆಲಕ್ಕೆ ಮಲಗಿಸಬಹುದು. ಪ್ರತಿ ಮೇ ತಿಂಗಳು ಮಲಗಿಸಿ ಬೋಲ್ಟು, ಬೇರಿಂಗು, ರೆಕ್ಕೆಯ ಅಂಚು ನೋಡುತ್ತೇನೆ. ಏಪ್ರಿಲ್, ಮೇ ಗುಡುಗು ಮಳೆಯ ಕಾಲ, ಅರ್ಥಿಂಗ್ ಸರಿಯಾಗಿರಲಿ.

ಇನ್ನೊಂದು ವಿಷಯ ದಯವಿಟ್ಟು ಎರಡು ಸಲ ಓದಿ. ಬ್ಯಾಟರಿ ತುಂಬಿದರೆ ಸೋಲಾರ್ ಪ್ಯಾನೆಲ್ ಸುಮ್ನೆ ಬಿಸಿಲಲ್ಲಿ ಕೂತಿರುತ್ತೆ, ಏನೂ ಆಗಲ್ಲ. ಗಾಳಿಯಂತ್ರ ಹಾಗಲ್ಲ. ಲೋಡ್, ಅಂದರೆ ಅದರಿಂದ ಕರೆಂಟ್ ಎಳೆಯೋದು, ತಪ್ಪಿದರೆ ಅದಕ್ಕೆ ಹಿಡಿತವೇ ಇರಲ್ಲ, ವೇಗ ಏರುತ್ತಲೇ ಹೋಗುತ್ತೆ. ಅದಕ್ಕೇ ಹೆಚ್ಚಾದ ಕರೆಂಟನ್ನು ಹೀಟರ್ ಕಾಯಿಲ್‌ಗೆ ತಿರುಗಿಸೋ ಡಂಪ್ ಲೋಡ್ ಬೇಕೇ ಬೇಕು. ಸೋಲಾರಿನ ಕಂಟ್ರೋಲರ್‌ಗೆ (ಬ್ಯಾಟರಿ ಚಾರ್ಜ್ ಆಗೋದನ್ನು ನೋಡಿಕೊಳ್ಳೋ ಪೆಟ್ಟಿಗೆಗೆ) ಯಂತ್ರದ ವೈರ್ ಕೊಡಲೇಬೇಡಿ. ಎರಡನೇ ವರ್ಷದ ಜುಲೈ, ರಾತ್ರಿ ಎರಡು ಗಂಟೆ ಇರಬಹುದು, ಹೆಂಡತಿ ಎಬ್ಬಿಸಿದಳು. "ರೀ, ಫ್ಯಾನ್ ಹಿಂಗ್ಯಾಕ ಒದರಾಕತ್ತೈತಿ?" ದಿನಾ ಕೇಳೋ ಸುಂಯ್ ಸದ್ದು ಹೋಗಿ ಕೀರಲು ಕೂಗು ಆಗಿತ್ತು. ಟಾರ್ಚ್ ಹಿಡಿದು ಕಂಟ್ರೋಲರ್ ಹತ್ತಿರ ಹೋದರೆ ಸುಟ್ಟ ವಾಸನೆ. ಬ್ಯಾಟರಿ ತುಂಬಿತ್ತು, ಡಂಪ್ ಲೋಡಿನ ವೈರ್ ಲಗ್ (ವೈರಿನ ತುದಿಯನ್ನು ಜೋಡಿಸೋ ಲೋಹದ ತುಂಡು) ಸಡಿಲಾಗಿ ಕರಗಿ ಕಳಚಿತ್ತು. ಯಂತ್ರದಿಂದ ಬರೋ ಮೂರೂ ಫೇಸ್ ವೈರುಗಳನ್ನು ಒಂದಕ್ಕೊಂದು ಶಾರ್ಟ್ ಮಾಡಿ ರೆಕ್ಕೆ ನಿಲ್ಲಿಸೋ ಬ್ರೇಕ್ ಸ್ವಿಚ್ ಅಲ್ಲೇ ಇತ್ತು. ಆದರೆ ಅಷ್ಟು ವೇಗದಲ್ಲಿ ಹಾಕಿದರೆ ಯಂತ್ರದೊಳಗಿನ ಸುರುಳಿಯೇ ಸುಡಬಹುದು. ಸ್ವಿಚ್ ಮೇಲೆ ಕೈ ಇಟ್ಟು ಗಾಳಿ ಒಂದು ಕ್ಷಣ ಇಳಿಯಲಿ ಅಂತ ಕಾದೆ. ಆ ಐದಾರು ನಿಮಿಷದಲ್ಲಿ ರೆಕ್ಕೆ ಮುರಿದು ಮನೆ ಮೇಲೆ ಬಂದರೆ ಅನ್ನೋ ಭಯವೇ ಮನಸ್ಸಲ್ಲಿ. ಸದ್ದು ಸ್ವಲ್ಪ ತಗ್ಗಿದ ಕೂಡಲೇ ಒತ್ತಿದೆ, ನಿಂತಿತು. ಈಗ ಡಂಪ್ ಲೋಡ್ ಎರಡಿವೆ, ಬೇರೆ ಬೇರೆ ವೈರಿನಲ್ಲಿ. ಜೂನ್ ಶುರುವಾಗೋ ಮೊದಲು ಲಗ್ ಒಂದೊಂದನ್ನೂ ಕೈಯಿಂದ ಎಳೆದು ನೋಡುತ್ತೇನೆ.

ನೀವು ಈಗ ಮಾಡಬೇಕಾದ್ದು ಇಷ್ಟು. ಎಲ್ಲಿ ಎಷ್ಟು ಗಾಳಿ ಅಂತ ತೋರಿಸೋ ಗ್ಲೋಬಲ್ ವಿಂಡ್ ಅಟ್ಲಾಸ್ ಅನ್ನೋ ನಕ್ಷೆ ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತೆ, ಅದರಲ್ಲಿ ನಿಮ್ಮ ಗುಡ್ಡ ಹುಡುಕಿ ಅಂದಾಜು ತೆಗೆದುಕೊಳ್ಳಿ. ಅದನ್ನೇ ನಂಬಿ ದುಡ್ಡು ಹಾಕಬೇಡಿ. ಯಂತ್ರ ನಿಲ್ಲಿಸೋ ಜಾಗದಲ್ಲೇ ಒಂದು ಕಂಬಕ್ಕೆ, ಗಾಳಿಯ ವೇಗ ಅಳೆದು ತಾನೇ ಬರೆದಿಡೋ ಅನಿಮೋಮೀಟರ್ ಕಟ್ಟಿ ಒಂದು ವರ್ಷ ಬಿಡಿ. ಅಷ್ಟರಲ್ಲಿ ಪ್ಯಾನೆಲ್ ಮತ್ತು ಬ್ಯಾಟರಿ ಹಾಕಿಕೊಂಡು ಮನೆ ಶುರುಮಾಡಿ, ಗಾಳಿಯಂತ್ರ ಮುಂದಿನ ಮಳೆಗಾಲಕ್ಕೆ ಬರಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯ ವೇಗ ಸರಾಸರಿ ಸೆಕೆಂಡಿಗೆ 5 ಮೀಟರಿಗಿಂತ ಕಮ್ಮಿ ಬಂದರೆ ಯಂತ್ರದ ಆಸೆ ಬಿಟ್ಟು ಇನ್ನೆರಡು ಪ್ಯಾನೆಲ್ ಹಾಕಿ. ಅದಕ್ಕಿಂತ ಜಾಸ್ತಿ ಇದ್ದರೆ ತಿಂಗಳವಾರು ಅಂಕಿ ಕಳಿಸಿ, ಎಷ್ಟು ಅಗಲದ ರೆಕ್ಕೆ ಬೇಕು ಅಂತ ಲೆಕ್ಕ ಹಾಕಿ ಕೊಡುತ್ತೇನೆ.